ಶ್ರೇಣಿಕನ ಪಾಲಿಗೆ ಬಂದ ಎರಡು ಸೂರ್ಯ

ಮನುಷ್ಯ ಮಾಲಕನ ಮೇಲೆ ಸಿಟ್ಟಾಗುತ್ತಾನೆ, ಹೆಂಡತಿಯ ಮೇಲೆ ಸಿಟ್ಟಾಗುತ್ತಾನೆ, ಬಹಳವಾದರೆ ಸರಕಾರದ ಮೇಲೆ ಸಿಟ್ಟಾಗುತ್ತಾನೆ. ಕಾಗವಾಡದ ಶ್ರೇಣಿಕ ಸಿಟ್ಟಾದದ್ದು ಸಾಕ್ಷಾತ್ ಸೂರ್ಯನ ಮೇಲೆ. (ಹೆಂಡತಿಯ ಮೇಲೆ ಸಿಟ್ಟಾಗುವಷ್ಟು ಧೈರ್ಯ ಅವನಿಗೆ ಇರಲಿಲ್ಲ, ಅದು ಬೇರೆ ಮಾತು.) ಅವನ ತಕರಾರು ಇಷ್ಟೇ: ಕಾಗವಾಡದಲ್ಲಿ ಮುಳುಗಿದ ಸೂರ್ಯ ಮಸ್ಕತ್ತಿನಲ್ಲಿ ಮುಳುಗುವುದಕ್ಕೆ ಹತ್ತಿರ ಹತ್ತಿರ ಒಂದೂವರೆ ತಾಸು ತಡ ಮಾಡುತ್ತಾನೆ. ಈ ಒಂದೂವರೆ ತಾಸಿನಲ್ಲಿ ತನ್ನ ಸಂಸಾರ, ಸುಖ, ಸೊಂಟದ ಅಳತೆ ಎಲ್ಲವೂ ಹಾಳಾಯಿತು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಶ್ರೇಣಿಕ ಮಸ್ಕತ್ತಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಟೈಲ್ಸ್ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ. ಊರಲ್ಲಿ ಕಬ್ಬು, ದ್ರಾಕ್ಷಿ, ಎರಡು ಎಮ್ಮೆ, ತಾಯಿ ಲಕ್ಷ್ಮಿಬಾಯಿ, ಹೆಂಡತಿ ಮೇಘಾ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿದು ತಾಟು ಬೋರಲು ಬಿದ್ದಿರಬೇಕು. ಉಳ್ಳಾಗಡ್ಡಿ, ಬಟಾಟಿಗಳು ಆ ಮನೆಯ ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಪ್ರತಿ ಶುಕ್ರವಾರ ಫೋನಿನಲ್ಲಿ ಲಕ್ಷ್ಮಿಬಾಯಿ ತಪ್ಪದೆ ಕೇಳುತ್ತಿದ್ದಳು, “ಹೊತ್ತ ಇದ್ದಾಗ ಉಣತಿಯಲ್ಲೋ?” ಶ್ರೇಣಿಕ ತಪ್ಪದೆ “ಹೂಂ ಅವ್ವಾ” ಅನ್ನುತ್ತಿದ್ದ. ಆ ಹೂಂ ಹನ್ನೊಂದು ವರ್ಷ ಯಾವ ತಪಾಸಣೆಗೂ ಒಳಗಾಗದೆ ನಿಶ್ಚಿಂತೆಯಿಂದ ಬಾಳಿತ್ತು. ನಿಜ ಹೇಳಬೇಕೆಂದರೆ ಅವನು ಊಟ ಮಾಡುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಅದನ್ನು ಬೇಯಿಸುತ್ತಿದ್ದವನು ಖೋಲಿಯ ಜೊತೆಗಾರ, ನಿಪ್ಪಾಣಿಯ ವಿಶ್ವಾಸ. ವಿಶ್ವಾಸ ಒಂದು ಹೊಟೇಲಿನಲ್ಲಿ ಅಡುಗೆಯವ. ಉಳ್ಳಾಗಡ್ಡಿ ಹೆಚ್ಚದ ದಿನ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಇಷ್ಟರಲ್ಲಿ ರೋಗ ಬಂತು. ಗೋದಾಮಿಗೆ ಬೀಗ ಬಿತ್ತು, ಹೊಟೇಲಿಗೆ ಬೀಗ ಬಿತ್ತು, ವಿಮಾನಗಳು ನಿಂತವು. ಎರಡು ಮಂಚ, ಒಂದು ಕಿಟಕಿಯ ಖೋಲಿಯಲ್ಲಿ ಇಬ್ಬರೂ ಕೂತರು. ಕಿಟಕಿಯಿಂದ ಕಾಣುತ್ತಿದ್ದದ್ದು ಒಂದು ಖಾಲಿ ರಸ್ತೆ, ನಾಲ್ಕು ಬೆಕ್ಕು, ತಾಸಿಗೊಮ್ಮೆ ಬರುವ ಪೊಲೀಸ್ ಗಾಡಿ. ಒಬ್ಬ ಸೀನಿದರೆ ಇನ್ನೊಬ್ಬ ಹೊದಿಕೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗುತ್ತಿದ್ದ. ತಂದ ಕೊತ್ತಂಬರಿಯನ್ನು ವಿಶ್ವಾಸ ಸಾಬೂನಿನಲ್ಲಿ ತೊಳೆದದ್ದಕ್ಕೆ ಆ ದಿನದ ಸಾರು ನೊರೆ ಬಂತು, ಇಬ್ಬರೂ ಅದನ್ನು ಕಣ್ಣು ಮುಚ್ಚಿ ಉಂಡರು.

ಅತ್ತ ಕಾಗವಾಡದಲ್ಲೂ ಬಸದಿಯ ಬಾಗಿಲು ಮುಚ್ಚಿತ್ತು. ದಿನಕ್ಕೆ ಎರಡು ಸಲ ಬಸದಿಗೆ ಹೋಗುತ್ತಿದ್ದ ಲಕ್ಷ್ಮಿಬಾಯಿಗೆ ಹೊತ್ತು ಹೋಗಲೊಲ್ಲದು. ಟೀವಿ ಹಚ್ಚಿದರೆ ಸತ್ತವರ ಸಂಖ್ಯೆ. ಮಗನಿಗೆ ಏನಾಯಿತೋ ಎಂಬ ಭಯ ಎದೆಯಲ್ಲಿ ಕೂತಿತು. ಅತ್ತೆಯ ಸಂಕಟ ನೋಡಲಾರದೆ ಮೇಘಾ ಅವಳಿಗೆ ವಿಡಿಯೋ ಕಾಲ್ ಕಲಿಸಿದಳು. ಸೊಸೆ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅದು. ಗಂಡನ ಹಾಳುಬಾಳು ಶುರುವಾದದ್ದು ಅಲ್ಲಿಂದ.

ಮೊದಲನೆಯ ಕಾಲ್ ಬಂದದ್ದು ಮಸ್ಕತ್ತಿನ ಸಂಜೆ ಐದಕ್ಕೆ. ಕಾಗವಾಡದಲ್ಲಿ ಆಗ ಆರೂವರೆ. ಪಡಸಾಲೆಯಲ್ಲಿ ನೀರಿನ ತಂಬಿಗೆಗೆ ಫೋನು ಆನಿಸಿಟ್ಟುಕೊಂಡು ಲಕ್ಷ್ಮಿಬಾಯಿ ತಾಟಿನ ಮುಂದೆ ಕೂತಿದ್ದಳು. ಹಿಂದೆ ಮೇಘಾ ನಿಂತಿದ್ದಳು.

“ಊಟಕ್ಕ ಕುಂದರೋ ಶ್ರೇಣಿಕ. ಹೊತ್ತ ಮುಳಗಾಕ ಬಂತು.”

“ಅವ್ವಾ, ಇಲ್ಲೆ ಈಗ ಐದ ಗಂಟೆ. ಹೊತ್ತ ಇನ್ನೂ ಮ್ಯಾಲ ಐತಿ. ಎರಡೂವರೀಗೆ ಅನ್ನ ಉಂಡೇನಿ.”

“ಹೊತ್ತ ಮ್ಯಾಲ ಐತೇನು? ಇಲ್ಲೆ ಬಾಜೂ ಹೊಲದ ಆಬಾಸಾಹೇಬನ ಕಬ್ಬಿನಾಗ ಇಳಿಯಾಕತ್ತೈತಿ, ಕಣ್ಣಿಗೆ ಕಾಣಾಕತ್ತೈತಿ. ನಿನಗೇನ ಬ್ಯಾರೆ ಸೂರ್ಯನ್ನ ತಂದ ಕೊಟ್ಟಾರ ಅಲ್ಲೆ?”

ಶ್ರೇಣಿಕ ಭೂಮಿ ದುಂಡಗಿದೆ ಎಂಬಲ್ಲಿಂದ ಶುರು ಮಾಡಿದ. ಮೇಜಿನ ಮೇಲಿದ್ದ ಮೋಸಂಬಿ ಹಿಡಿದು ತಿರುಗಿಸಿದ. ಲಕ್ಷ್ಮಿಬಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಹಣ್ಣ ತಿನ್ನಾಕ ಬರತೈತಿ, ಊಟ ಮಾಡಾಕ ಬರೂದಿಲ್ಲ?” ಅಂದಳು. ಆಮೇಲೆ ತನ್ನ ತಾಟನ್ನು ಮುಂದಕ್ಕೆ ಸರಿಸಿ ಒಂದು ಮಾತು ಹೇಳಿದಳು. ಆ ಮಾತಿಗೆ ಶ್ರೇಣಿಕನ ಕೈಯಲ್ಲಿದ್ದ ಭೂಮಂಡಲ ತಿರುಗುವುದನ್ನು ಬಿಟ್ಟಿತು.

“ನಾ ನಿಯಮ ಹಿಡದೀನಿ. ನೀ ಊರಿಗೆ ಬರೂತನಾ, ದಿನಾ ನೀ ತುತ್ತ ಬಾಯಾಗ ಇಟ್ಟದ್ದ ನೋಡಿ ನಾ ಊಟ ಮಾಡಾಕಿ.”

ನಿಯಮವೆಂದರೆ ಲಕ್ಷ್ಮಿಬಾಯಿಗೆ ಆಟದ ಮಾತಲ್ಲ. ಮೇಘಾ ಸಣ್ಣ ಧ್ವನಿಯಲ್ಲಿ ಬಿಡಿಸಿ ಹೇಳಿದಳು, “ನೋಡ್ರಿ, ನೀವು ಉಣ್ಣಲಿಲ್ಲಾ ಅಂದ್ರ ಅತ್ತಿ ಉಣ್ಣೂದಿಲ್ಲ. ಹೊತ್ತ ಮುಳಗಿದ ಮ್ಯಾಲ ಅಂತೂ ಮುಗೀತು, ಮರುದಿನಾ ಮುಂಜಾನಿತನಾ ಉಪಾಸ. ಅರವತ್ತೆಂಟ ವರ್ಷದ ಜೀವ ಐತಿ. ತಿಳಕೋರಿ.”

ತಿಳಿದುಕೊಂಡ. ಆ ದಿನದಿಂದ ಶ್ರೇಣಿಕ ಎರಡೂವರೆಗೆ ಅನ್ನ, ಐದಕ್ಕೆ ತಾಯಿಗಾಗಿ ರೊಟ್ಟಿ, ಒಂಬತ್ತಕ್ಕೆ ವಿಶ್ವಾಸನಿಗಾಗಿ ಬಟಾಟಿ ಪಲ್ಯ ತಿನ್ನತೊಡಗಿದ. ಯಾರ ಮನಸ್ಸನ್ನೂ ನೋಯಿಸಬಾರದು ಎಂಬುದು ಅವನ ಸ್ವಭಾವ. ಹನ್ನೆರಡು ದಿನಕ್ಕೆ ಪ್ಯಾಂಟಿನ ಗುಂಡಿ ಕಿತ್ತು ಮಂಚದ ಕೆಳಗೆ ಹೋಯಿತು.

“ದಾದಾ, ಇದು ನಡಿಯೂದಿಲ್ಲ,” ಅಂದ ವಿಶ್ವಾಸ. “ನಾಟಕ ಮಾಡೂಣ. ಕ್ಯಾಮೆರಾದಾಗ ಮಾರಿ ಅಷ್ಟ ಕಾಣಲಿ, ತಾಟ ಕೆಳಗ ಇರಲಿ. ಖಾಲಿ ತಾಟ! ಕೈ ಬಾಯಿಗೆ ಒಯ್ಯೂದು, ಚಾವೂದು, ನುಂಗೂದು. ಆಯೀಗೂ ಸಮಾಧಾನ, ಹೊಟ್ಟೀಗೂ ಸಮಾಧಾನ.”

ನಿರ್ದೇಶಕ ವಿಶ್ವಾಸ ಫೋನು ಹಿಡಿದ. ನಟಸಾರ್ವಭೌಮ ಶ್ರೇಣಿಕ ಗಾಳಿ ಮುರಿದು ಗಾಳಿಯಲ್ಲಿ ಅದ್ದಿಕೊಂಡು ತಿಂದ. ಮೊದಲ ದಿನ ಪ್ರಯೋಗ ಚೆನ್ನಾಗಿ ನಡೆಯಿತು. ನಡುವೆ ಒಂದು ಸಲ ಖಾರ ಹತ್ತಿದವನ ಹಾಗೆ ಮೂಗು ಒರೆಸಿಕೊಂಡದ್ದಕ್ಕೆ ವಿಶ್ವಾಸ ಆಮೇಲೆ ಬೆನ್ನು ತಟ್ಟಿದ. ಎರಡನೆಯ ದಿನ ಲಕ್ಷ್ಮಿಬಾಯಿ ಕೈಯಲ್ಲಿನ ತುತ್ತು ಹಾಗೇ ಹಿಡಿದು ಕಿವಿ ಆನಿಸಿದಳು.

“ಶ್ರೇಣಿಕ, ಏನ ತಿನ್ನಾಕತ್ತೀ?”

“ಕಟಕ್ ರೊಟ್ಟಿ ಅವ್ವಾ. ನೀನ ಕಳಿಸಿದ್ದು.”

“ಮತ್ತ ಮುರಿಯೂ ಸಪ್ಪಳ ಬರವಲ್ದು?”

“ನೆಟವರ್ಕ್ ಅವ್ವಾ. ಸಪ್ಪಳ ಬರೂದಿಲ್ಲ ಇದರಾಗ.”

ಹಿಂದಿನಿಂದ ಮೇಘಾಳ ಧ್ವನಿ ಬಂತು, “ಮಾತ ಬರತಾವ, ರೊಟ್ಟಿ ಬರೂದಿಲ್ಲ?” (ಈ ಹೆಂಗಸು ಬಿ.ಎಸ್ಸಿ. ಓದಿದ್ದು ತಪ್ಪಾಯಿತು ಎಂದು ಶ್ರೇಣಿಕನಿಗೆ ಮದುವೆಯಾದಾಗಿನಿಂದ ಅನ್ನಿಸುತ್ತಿತ್ತು.) ಮರುದಿನದಿಂದ ವಿಶ್ವಾಸ ಕ್ಯಾಮೆರಾದ ಹಿಂದೆ ಕೂತು, ನಟನ ಕೈ ಬಾಯಿಗೆ ಹೋದಾಗಲೊಮ್ಮೆ ನೀರಿನ ಖಾಲಿ ಬಾಟಲಿ ಹಿಚುಕಿ ಕಟಕ್ ಅನ್ನಿಸುತ್ತಿದ್ದ. ಒಂದು ಸಲ ಶ್ರೇಣಿಕ ನೀರು ಕುಡಿಯುವಾಗಲೂ ಕಟಕ್ ಅಂದಿತು. ಮೇಘಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ಶ್ರೇಣಿಕನಿಗೆ ಹೆಚ್ಚು ಹೆದರಿಕೆ.

ಹೀಗೆ ನಡೆದಿರುವಾಗ ಒಂದು ಮಧ್ಯಾಹ್ನ ಅನ್ನದ ಮೇಲೆ ಮಜ್ಜಿಗೆ ಕುಡಿದು ಶ್ರೇಣಿಕ ಅಡ್ಡಾದ. ಫೋನಿನ ಬ್ಯಾಟರಿ ಸತ್ತಿತ್ತು. ವಿಶ್ವಾಸ ಮಾಳಿಗೆಯ ಮೇಲೆ ದಿನದ ನಲವತ್ತು ಸುತ್ತು ತಿರುಗಲು ಹೋಗಿದ್ದ. ಶ್ರೇಣಿಕನಿಗೆ ಎಚ್ಚರವಾದಾಗ ಕಿಟಕಿಯಲ್ಲಿ ಕೆಂಪು ಬಿಸಿಲಿತ್ತು. ರಮಜಾನ್ ತಿಂಗಳು, ಕೆಳಗಿನ ಮನೆಯವರು ಸೂರ್ಯ ಯಾವಾಗ ಮುಳುಗುತ್ತಾನೋ ಎಂದು ಖರ್ಜೂರ ಮುಂದಿಟ್ಟುಕೊಂಡು ಕಾಯುವ ಹೊತ್ತು. ಸೂರ್ಯ ಮುಳುಗದಿರಲಿ ಎಂದು ಕಾಯುತ್ತಿದ್ದ ಒಬ್ಬಳು ಅವನಿಗೆ ಆಗ ನೆನಪಾದಳು. ಫೋನಿಗೆ ಜೀವ ತುಂಬಿದರೆ ಹತ್ತೊಂಬತ್ತು ಮಿಸ್ ಕಾಲ್. ಕಾಗವಾಡದಲ್ಲಿ ಕತ್ತಲಾಗಿತ್ತು.

“ಅತ್ತಿ ತಾಟ ಎತ್ತಿಟ್ಟ ಮಲಗ್ಯಾರ,” ಅಂದಳು ಮೇಘಾ. ಬೈಯಲಿಲ್ಲ. “ಹೊತ್ತ ಮುಳಗೂತನಾ ಫೋನ ಹಿಡಕೊಂಡ ಕುಂತಿದ್ರು. ಒಂದ ಗುಟಕ ನೀರ ಕುಡೀರಿ ಅಂದ್ರೂ ಒಲ್ಲೆ ಅಂದ್ರು.”

ಅವತ್ತು ವಿಶ್ವಾಸ ಮಾಡಿದ ಬಟಾಟಿ ಪಲ್ಯವನ್ನು ಶ್ರೇಣಿಕ ಮುಟ್ಟಲಿಲ್ಲ. ಬೆಳಗ್ಗೆ ತಾನೇ ಫೋನು ಮಾಡಿದ. ಲಕ್ಷ್ಮಿಬಾಯಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. “ಒಂದ ಹೊತ್ತ ಉಪಾಸ ಬಿದ್ರ ಏನಾಕೈತಿ? ಎಷ್ಟ ಮಾಡಿಲ್ಲ ನಾ. ನಿನಗ ಜಡ್ಡಗಿಡ್ಡ ಬಂತೇನೋ ಅಂತ ಜೀವಾ ಹಾರಿತ್ತು, ಅಷ್ಟ,” ಅಂದಳು. ಮುಖ ಸಣ್ಣದಾಗಿತ್ತು. ಇಷ್ಟು ದೂರ ಕೂತು ತನ್ನ ಒಂದು ತುತ್ತಿಗಾಗಿ ಹಸಿದಿರುವ ಜೀವಕ್ಕೆ ಖಾಲಿ ತಾಟು ತೋರಿಸಿದೆನಲ್ಲ ಎಂದು ಶ್ರೇಣಿಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಲ್ಲವನ್ನೂ ಒಪ್ಪಿಕೊಂಡು ತಾಯಿಯನ್ನು ಈ ನಿಯಮದಿಂದ ಬಿಡಿಸಬೇಕು ಎಂದು ನಿಶ್ಚಯಿಸಿದ. ಹನ್ನೊಂದು ವರ್ಷದ ಹೂಂ, ಉಳ್ಳಾಗಡ್ಡಿ, ಬಾಟಲಿಯ ಕಟಕ್, ಯಾವುದನ್ನೂ ಮುಚ್ಚಿಡಬಾರದು.

ಆ ಸಂಜೆ ಮೊದಲು ಐದಕ್ಕೆ ನಿಜವಾದ ರೊಟ್ಟಿ ತಿಂದು ತಾಯಿಗೆ ಊಟ ಮಾಡಿಸಿದ. ಒಂದೂವರೆ ತಾಸು ಬಿಟ್ಟು ಮಾಳಿಗೆ ಹತ್ತಿ ತಾನೇ ಕಾಲ್ ಮಾಡಿದ. ಕಾಗವಾಡದಲ್ಲಿ ದೀಪ ಹತ್ತಿತ್ತು. ಶ್ರೇಣಿಕ ಫೋನನ್ನು ಪಡುವಣಕ್ಕೆ ತಿರುಗಿಸಿದ. ನೀರಿನ ಟಾಕಿಗಳ ಆಚೆ ಬೋಳು ಗುಡ್ಡದ ಮೇಲೆ ಸೂರ್ಯ ಇಡಿಯಾಗಿ ಕೂತಿದ್ದ.

ಲಕ್ಷ್ಮಿಬಾಯಿ ಅಂಗಳಕ್ಕೆ ಹೋಗಿ ತನ್ನ ಕತ್ತಲು ನೋಡಿದಳು, ಒಳಗೆ ಬಂದು ಮಗನ ಬಿಸಿಲು ನೋಡಿದಳು.

“ಹೌದಲ್ಲೋ. ಇನ್ನೂ ಮುಳಗೇ ಇಲ್ಲಲ್ಲೋ! ಅಂದ್ರ ಇಷ್ಟ ದಿನಾ ನಾ ನಿನಗ ಚಾ ಕುಡಿಯೂ ಹೊತ್ತಿನಾಗ ರೊಟ್ಟಿ ತಿನಿಸೀನಿ?”

“ಹೂಂ ಅವ್ವಾ.”

“ತಾಯಿ ಮಾತ ಅಂತ ತಿಂದಿ?”

ಒಪ್ಪಿಕೊಳ್ಳುವುದಕ್ಕೆ ಇದೇ ಸರಿಯಾದ ಗಳಿಗೆ. ಶ್ರೇಣಿಕ ಬಾಯಿ ತೆರೆದ. ಆದರೆ ಲಕ್ಷ್ಮಿಬಾಯಿಯ ಕಣ್ಣು ತುಂಬಿ ಬಂದಿತ್ತು. “ಮೇಘಾ, ನೋಡ ನನ್ನ ಮಗನ್ನ! ಎರಡ ಸೂರ್ಯನ ನಡುವ ಸಿಕ್ಕೊಂಡರೂ ಒಂದ ಮಾತ ಎದುರಾಡಲಿಲ್ಲ ನನ್ನ ಕೂಸು!” ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಇಂಥ ಪ್ರಶಸ್ತಿಯನ್ನು ಕೈಗೆ ಬಂದ ಮೇಲೆ ಹಿಂದಿರುಗಿಸುವುದು ಸಣ್ಣ ಕೆಲಸವಲ್ಲ. ಶ್ರೇಣಿಕ ತೆರೆದ ಬಾಯಿ ಮುಚ್ಚಿದ.

“ಹಂಗಾರ ಹಿಂಗ ಮಾಡು,” ಅಂದಳು ಲಕ್ಷ್ಮಿಬಾಯಿ. “ನಿನ್ನ ಊಟಾ ನಿನ್ನ ಸೂರ್ಯನ ಲೆಕ್ಕದಾಗ ಮಾಡು. ಆರೂಕಾಲಕ್ಕ ಕುಂದರು, ನಾ ನೋಡತೀನಿ. ಐದಕ್ಕ ನನ್ನ ನಿಯಮಕ್ಕ ಎರಡ ರೊಟ್ಟಿ ತಿಂದ್ರ ಸಾಕು.”

ಹೀಗೆ ಶ್ರೇಣಿಕನ ಪಾಲಿಗೆ ಎರಡು ಸೂರ್ಯ ಬಂದವು. ಎರಡೂವರೆಗೆ ಅನ್ನ; ಐದಕ್ಕೆ ಕಾಗವಾಡದ ಸೂರ್ಯನಿಗೆ ಎರಡು ರೊಟ್ಟಿ; ಆರೂಕಾಲಕ್ಕೆ ಮಸ್ಕತ್ತಿನ ಸೂರ್ಯನಿಗೆ ಪೂರ್ಣ ಭೋಜನ. ಖಾಲಿ ತಾಟಿನ ನಾಟಕಕ್ಕೆ ಅವನ ಮನಸ್ಸು ಮತ್ತೆ ಒಪ್ಪಲಿಲ್ಲ, ಅದನ್ನು ಅವನ ಪರವಾಗಿ ಹೇಳಲೇಬೇಕು. ಒಂಬತ್ತಕ್ಕೆ ವಿಶ್ವಾಸನ ಪಲ್ಯದ ವಾಸನೆ ಬಂದಾಗ ಮಾತ್ರ ಅವನ ವೈರಾಗ್ಯ ಅಡುಗೆ ಕಟ್ಟೆಯವರೆಗೆ ಹೋಗಿ ಬರುತ್ತಿತ್ತು. ಬರುವಾಗ ಕೈಯಲ್ಲಿ ಬಟ್ಟಲಿರುತ್ತಿತ್ತು. ಪ್ಯಾಂಟುಗಳು ಒಂದೊಂದಾಗಿ ಸೇವೆಯಿಂದ ನಿವೃತ್ತಿಯಾಗಿ, ಜುಲೈನಲ್ಲಿ ವಿಮಾನದ ಸೀಟು ಸಿಕ್ಕಾಗ ಶ್ರೇಣಿಕ ವಿಶ್ವಾಸನ ಪಾಯಿಜಾಮ ಉಟ್ಟು ಹೊರಟ.

ವಿಮಾನದಲ್ಲಿ ಅವನು ಕನಸು ಕಂಡದ್ದು ಒಂದೇ. ಬೆಳಗಿನ ಎಳೆ ಬಿಸಿಲು, ಎಮ್ಮೆಯ ಹಸಿ ಹಾಲಿನ ಚಹಾ, ಅವ್ವ ಕೈಗೆ ಕೊಡುವ ಹಿತ್ತಾಳೆಯ ಲೋಟ. ಹನ್ನೊಂದು ವರ್ಷ ಪುಡಿಹಾಲಿನ ಚಹಾ ಕುಡಿಯುವಾಗಲೆಲ್ಲ ಅವನು ಕಣ್ಣು ಮುಚ್ಚಿ ನೆನೆದದ್ದು ಆ ಲೋಟವನ್ನು. ಬೆಂಗಳೂರಿನಲ್ಲಿ ಒಂದು ವಾರ ಹೊಟೇಲಿನ ಬಂಧನ, ಮುಂಗೈ ಮೇಲೆ ಸರಕಾರ ಒತ್ತಿದ ಶಿಕ್ಕೆ, ಅಂತೂ ಒಂದು ಮಧ್ಯಾಹ್ನ ಕಾಗವಾಡ ಮುಟ್ಟಿದ. ಇನ್ನೊಂದು ವಾರ ಅವನು ಯಾರನ್ನೂ ಮುಟ್ಟುವಂತಿರಲಿಲ್ಲ. ಅಂಗಳದ ಆಚೆ, ಒಣದ್ರಾಕ್ಷಿ ಇಡುವ ಖೋಲಿಯಲ್ಲಿ ಹಾಸಿಗೆ ಹಾಕಿದ್ದರು.

ಲಕ್ಷ್ಮಿಬಾಯಿ ಅಂಗಳದಲ್ಲಿ ಹತ್ತು ಮಾರು ದೂರ ನಿಂತು ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಳುತ್ತ, ನಗುತ್ತ, “ಹೊತ್ತ ಇದ್ದಾಗ ಉಂಡದ್ದು ಹೆಂಗ ಮೈಗೆ ಹತ್ತೇತಿ ನೋಡ ಮೇಘಾ!” ಅಂದಳು.

“ಹೌದ್ರಿ ಅತ್ತಿ,” ಅಂದಳು ಮೇಘಾ, ಗಂಡನ ಪಾಯಿಜಾಮದ ಲಾಡಿ ನೋಡುತ್ತ. “ಹೊತ್ತ ಇದ್ದಾಗ ಉಂಡದ್ದು, ಹೊತ್ತ ಇಲ್ಲದಾಗ ಉಂಡದ್ದು, ಎಲ್ಲಾ ಹತ್ತೇತಿ.”

ಸಂಜೆ ಆರೂವರೆಗೆ ಖೋಲಿಯ ಕಟ್ಟೆಯ ಮೇಲೆ ತಾಟು ಬಂತು. ಶ್ರೇಣಿಕ ಮೊದಲ ತುತ್ತು ಬಾಯಲ್ಲಿಟ್ಟ. ಅಂಗಳದ ಈಚೆ ಕೂತ ಲಕ್ಷ್ಮಿಬಾಯಿ ಅದನ್ನು ಕಣ್ಣಾರೆ ನೋಡಿ, ಕೈಮುಗಿದು, ತನ್ನ ನಿಯಮ ಬಿಡಿಸಿಕೊಂಡು ಊಟ ಮಾಡಿದಳು. ಫೋನಿಲ್ಲದೆ, ತಂಬಿಗೆಯ ಆಸರೆ ಇಲ್ಲದೆ ತಾಯಿ ಉಣ್ಣುವುದನ್ನು ಶ್ರೇಣಿಕ ಕೈಯಲ್ಲಿನ ತುತ್ತು ಮರೆತು ನೋಡಿದ. ಇನ್ನು ಮೇಲೆ ಅವ್ವನಿಗೆ ಒಂದು ಸುಳ್ಳೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ಆಣೆ ಏಳೂ ಮುಕ್ಕಾಲಿನವರೆಗೆ ಗಟ್ಟಿಯಾಗಿತ್ತು. ಮೂರು ತಿಂಗಳು ನಾಲ್ಕು ಊಟಕ್ಕೆ ಹೊಂದಿಕೊಂಡ ಹೊಟ್ಟೆ ಆಗ ತನ್ನ ಹಕ್ಕು ಕೇಳತೊಡಗಿತು. ಸೂಟ್‌ಕೇಸಿನಲ್ಲಿ ವಿಮಾನ ನಿಲ್ದಾಣದಲ್ಲಿ ಕೊಂಡ ಬಟಾಟಿ ಚಿಪ್ಸಿನ ದೊಡ್ಡ ಪೊಟ್ಟಣ ಇತ್ತು. (ನೆಲದೊಳಗಿನ ಗಡ್ಡೆ, ಅದೂ ಹೊತ್ತು ಮುಳುಗಿದ ಮೇಲೆ, ಪಾಪದ ಮಟ್ಟಿಗೆ ಒಂದರಲ್ಲಿ ಎರಡು.) ಶ್ರೇಣಿಕ ದೀಪ ಆರಿಸಿ, ಗೋಡೆಗೆ ಮುಖ ಮಾಡಿ, ಒಂದನ್ನು ಬಾಯಲ್ಲಿಟ್ಟ. ಕರುಂ ಅಂದಿತು. ಇನ್ನೊಂದು ಇಟ್ಟ. ಕುರುಂ ಅಂದಿತು.

“ಶ್ರೇಣಿಕ.”

ಕಿಟಕಿಯ ಆಚೆ, ಮುಖಕ್ಕೆ ಸೆರಗು ಕಟ್ಟಿಕೊಂಡು ಲಕ್ಷ್ಮಿಬಾಯಿ ನಿಂತಿದ್ದಳು. ಮಗನಿಗೆ ಹೊದೆಯಲು ಕೌದಿ ತಂದಿದ್ದಳು. ಪಕ್ಕದಲ್ಲಿ ಮೇಘಾ ಬ್ಯಾಟರಿ ಹಿಡಿದಿದ್ದಳು. ಬ್ಯಾಟರಿಯ ಬೆಳಕು ಶ್ರೇಣಿಕನ ಮುಖದಿಂದ ಪೊಟ್ಟಣಕ್ಕೆ, ಪೊಟ್ಟಣದಿಂದ ಮುಖಕ್ಕೆ ಓಡಾಡಿತು.

“ಮಸ್ಕತ್‌ನಾಗ ಕಟಕ್ ರೊಟ್ಟಿ ತಿಂದ್ರ ಸಪ್ಪಳ ಬರತಿದ್ದಿಲ್ಲ,” ಅಂದಳು ಲಕ್ಷ್ಮಿಬಾಯಿ. “ಇಲ್ಲೆ ಪಡಸಾಲಿತನಾ ಬರಾಕತ್ತೈತಿ. ಹೊತ್ತ ಮುಳಗಿ ಎಷ್ಟ ಹೊತ್ತಾತೋ?”

ಆಪತ್ತಿನಲ್ಲಿ ಶ್ರೇಣಿಕನ ಬುದ್ಧಿ ಚುರುಕಾಗುತ್ತದೆ. ಅದೇ ಅವನ ದುರ್ದೈವ. “ಅವ್ವಾ, ಮೂರ ತಿಂಗಳಾತು, ನನ್ನ ಊಟಾ ಮಸ್ಕತ್ ಸೂರ್ಯನ ಲೆಕ್ಕದಾಗ ಅಲ್ಲೇನು? ನೀನ ಹೇಳಿದ್ದಿ. ಅಲ್ಲೆ ಈಗ ಆರೂಕಾಲು. ಹೊತ್ತ ಇನ್ನೂ ಮುಳಗಿಲ್ಲ!”

ಮೇಘಾ ಕಿಸಕ್ಕನೆ ನಕ್ಕಳು. ಲಕ್ಷ್ಮಿಬಾಯಿ ನಗಲಿಲ್ಲ. ಬಸದಿಯಲ್ಲಿ ಪ್ರವಚನ ಕೇಳುವಾಗಿನ ಗಾಂಭೀರ್ಯದಿಂದ ವಿಚಾರ ಮಾಡಿದಳು.

“ಖರೇ ಐತಿ,” ಅಂದಳು ಕೊನೆಗೆ. “ಮುಳಗಿಲ್ಲ. ತಿನ್ನು. ನಿನ್ನ ಸೂರ್ಯ ಅಲ್ಲೇ ಅದಾನ ಅಂದ್ರ ನಾ ಯಾಕ ಬ್ಯಾಡ ಅನ್ನಲಿ?” ಕೌದಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಇಷ್ಟು ಸುಲಭವಾಗಿ ಗೆದ್ದೆನೆಂದು ಶ್ರೇಣಿಕನಿಗೆ ನಂಬಿಕೆಯಾಗಲಿಲ್ಲ. ಪೊಟ್ಟಣ ಮುಗಿಸಿ, ಬೆಳಗಿನ ಲೋಟ ನೆನೆಯುತ್ತ ಮಲಗಿದ.

ಬೆಳಗ್ಗೆ ಆರೂಕಾಲಕ್ಕೆ ಚಹಾದ ವಾಸನೆಗೆ ಎಚ್ಚರವಾಯಿತು. ಬಾಗಿಲು ತೆಗೆದರೆ ಅಂಗಳದ ತುಂಬ ಬೆಳಕು. ಆಚೆ ಪಡಸಾಲೆಯ ಮೆಟ್ಟಿಲ ಮೇಲೆ ಅತ್ತೆ ಸೊಸೆ ಕೂತಿದ್ದರು. ಇಬ್ಬರ ಕೈಯಲ್ಲೂ ಹಿತ್ತಾಳೆಯ ಲೋಟ, ಲೋಟದ ಮೇಲೆ ಹಬೆ. ಖೋಲಿಯ ಕಟ್ಟೆಯ ಮೇಲೆ ಏನೂ ಇರಲಿಲ್ಲ.

“ಅವ್ವಾ, ನನ್ನ ಚಾ?”

“ತಡಿಯಪಾ. ಹೊತ್ತ ಹುಟ್ಟಲಿ.”

“ಹುಟ್ಟೇತಲ್ಲ ಅವ್ವಾ! ಹಿಂದ ತಿರಗಿ ನೋಡು!”

“ಇದು ನಂದು,” ಅಂದಳು ಲಕ್ಷ್ಮಿಬಾಯಿ, ಒಂದು ಗುಟುಕು ಹೀರಿ. “ನಿಂದ ನೋಡಾಕ ಬ್ಯಾರೆ ಒಬ್ಬರನ್ನ ಕುಂದರಿಸೀನಿ.”

ಮೇಘಾ ಮೆಟ್ಟಿಲ ಮೇಲೆ ತಂಬಿಗೆಗೆ ಆನಿಸಿಟ್ಟಿದ್ದ ಫೋನನ್ನು ಗಂಡನ ಕಡೆಗೆ ತಿರುಗಿಸಿದಳು. ಅದರಲ್ಲಿ ಕತ್ತಲೆಯಿತ್ತು. ಕತ್ತಲೆಯ ನಡುವೆ ಹೊದಿಕೆ ಹೊದ್ದ ವಿಶ್ವಾಸ ಆಕಳಿಸುತ್ತಿದ್ದ. ಅವನು ತನ್ನ ಫೋನನ್ನು ಕಿಟಕಿಗೆ ಹಿಡಿದ. ಖಾಲಿ ರಸ್ತೆ, ಬೀದಿದೀಪ, ದೀಪದ ಕೆಳಗೆ ಮಲಗಿದ ಒಂದು ಬೆಕ್ಕು.

“ಏನಪಾ ವಿಶ್ವಾಸ, ಹುಟ್ಟೇತೇನು?” ಕೇಳಿದಳು ಲಕ್ಷ್ಮಿಬಾಯಿ.

“ಇನ್ನಾ ಇಲ್ಲ ಆಯಿ. ಇಲ್ಲೆ ಪೌಣೆ ಪಾಂಚ್, ಐದೂ ಬಡದಿಲ್ಲ. ಇನ್ನ ಮುಕ್ಕಾಲ ತಾಸ ಬೇಕು,” ಅಂದ ವಿಶ್ವಾಸ. ದನಿಯಲ್ಲಿ ನಿದ್ದೆಯಿತ್ತು, ಪಾಯಿಜಾಮ ಕಳೆದುಕೊಂಡವನ ಸಮಾಧಾನವೂ ಇತ್ತು. “ಮತ್ತ ಆಯಿ, ರಾತ್ರಿ ತಿಂದಾವ ಹೊತ್ತ ಹುಟ್ಟಿದ ಮ್ಯಾಲೂ ಎರಡ ಗಳಿಗಿ ಬಿಟ್ಟ ಬಾಯಿಗೆ ಹಾಕೂದು ಅಂತ ನಿನ್ನೆ ಫೋನಿನಾಗ ಅಂದಿದ್ರಲ್ಲಾ ನೀವು?”

“ಶಾಣ್ಯಾ ನನ್ನಪ್ಪ. ಅದನ್ನ ನಾ ಮರತಿದ್ದೆ,” ಅಂದಳು ಲಕ್ಷ್ಮಿಬಾಯಿ.

“ಅವ್ವಾ, ತಪ್ಪಾತು! ನನಗ ಒಂದ ಸೂರ್ಯ ಸಾಕು. ಕಾಗವಾಡದ್ದ ಸಾಕು!”

“ಹಂಗ ಹೆಂಗ? ಮುಂಜಾನೆ ಒಂದು, ಸಂಜೀಗೆ ಒಂದು, ನಿನಗ ಬೇಕಾದಂಗ ಆರಿಸ್ಕೊಳಾಕ ಅದೇನ ಸಂತಿಯೇನು? ಎರಡ ಅದಾವ ಅಂದ ಮ್ಯಾಲ ಎರಡೂ ಇದ್ದಾಗ ಉಣ್ಣಬೇಕು. ಮಸ್ಕತ್‌ದ ಹುಟ್ಟಬೇಕು, ಕಾಗವಾಡದ್ದು ಮುಳಗಿರಬಾರದು. ಅದರ ನಡುವ ಎಷ್ಟ ಬೇಕ ಅಷ್ಟ ತಿನ್ನು, ನಾ ಕೇಳೂದಿಲ್ಲ.”

ಮೇಘಾ ತನ್ನ ಲೋಟ ಮುಗಿಸಿ, ಇನ್ನರ್ಧ ಹಾಕಿಸಿಕೊಳ್ಳಲು ಒಳಗೆ ಎದ್ದಳು. ಹೋಗುವ ಮೊದಲು ಫೋನು ಗಂಡನಿಗೆ ಚೆನ್ನಾಗಿ ಕಾಣುವಂತೆ ಸರಿಯಾಗಿ ಆನಿಸಿಟ್ಟಳು. ಶ್ರೇಣಿಕ ಖೋಲಿಯ ಕಟ್ಟೆಯ ಮೇಲೆ ಕೂತ. ಮುಖಕ್ಕೆ ಕಾಗವಾಡದ ಬಿಸಿಲು ಹೊಡೆಯುತ್ತಿತ್ತು. ಅವನು ಅಂಗಳದ ಆಚೆಯ ಅಂಗೈಯಗಲದ ಕತ್ತಲೆಯನ್ನೇ ನೋಡುತ್ತ, ಮಸ್ಕತ್ತಿನಲ್ಲಿ ಬೆಳಗಾಗುವುದನ್ನು ಕಾಯತೊಡಗಿದ.